ಕದನ ವಿರಾಮ ಮುರಿದ ರಾತ್ರಿ, ಗೇಟಿನ ಬಳಿ: ಶಾಂತಿಪಾಲಕರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯ, ಪಾಂಡವಪುರ, ಮೈಸೂರಿನ ಕಾಲೇಜುಗಳಲ್ಲಿ ಈ ವಿಷಯದ ಮೇಲೆ ಮಾತಾಡಿದಾಗ, ಸೈನಿಕರ ಮನೆಗಳ ಜಗಲಿಯಲ್ಲಿ ಕೂತಾಗ ನನ್ನನ್ನು ಕೇಳಿದ ಪ್ರಶ್ನೆಗಳಿವು. ನಮ್ಮ ಸುತ್ತಮುತ್ತಲ ಹಳ್ಳಿಗಳಿಂದ ಸೇನೆಗೆ ಸೇರಿದ ಹುಡುಗರಲ್ಲಿ ಕೆಲವರಿಗೆ ಕಾಂಗೋ, ದಕ್ಷಿಣ ಸುಡಾನ್, ಲೆಬನಾನ್ ಕಡೆ ಪೋಸ್ಟಿಂಗ್ ಬರುತ್ತದೆ. 'ವಿಶ್ವಸಂಸ್ಥೆ ಡ್ಯೂಟಿ' ಅಂದರೆ ಊರಿಗೆಲ್ಲ ಸಂತೋಷ. ಭತ್ಯೆ ಚೆನ್ನಾಗಿದೆ, ಯುದ್ಧ ಇರಲ್ಲ ಅನ್ನುತ್ತಾರೆ. ಯುದ್ಧ ಇರಲ್ಲ ಅನ್ನುವುದು ಎಲ್ಲ ಕಡೆಗೂ ನಿಜವಲ್ಲ. ಒಪ್ಪಂದ ಮುರಿದು ಬೀಳುವ ದಿನ ಅವರ ಕ್ಯಾಂಪಿನ ಗೇಟಿನ ಮುಂದೆ ಸಾವಿರಾರು ಜನ ಬಂದು ನಿಲ್ಲುತ್ತಾರೆ. ಇಲ್ಲಿರುವ ಹೆಚ್ಚಿನ ಉತ್ತರಗಳು ಆ ದಿನದ ಬಗ್ಗೆ.

ಶಾಂತಿಪಾಲಕರು ಯಾರ ಸೈನಿಕರು?

ಅವರವರ ದೇಶದವರೇ. ವಿಶ್ವಸಂಸ್ಥೆಗೆ ಸ್ವಂತ ಸೇನೆ ಇಲ್ಲ. ಭದ್ರತಾ ಮಂಡಳಿ ನಿರ್ಣಯ ಮಾಡುತ್ತದೆ, ಸದಸ್ಯ ದೇಶಗಳು ತಮ್ಮ ಬೆಟಾಲಿಯನ್‌ಗಳನ್ನು ಎರವಲು ಕೊಡುತ್ತವೆ, ತಲೆಗೆ ನೀಲಿ ಹೆಲ್ಮೆಟ್ ಬರುತ್ತದೆ. 1948ರಲ್ಲಿ ಮಧ್ಯಪ್ರಾಚ್ಯದ ಕದನ ವಿರಾಮದ ಮೇಲೆ ನಿಗಾ ಇಡಲು ಶುರುವಾದ ಕೆಲಸವಿದು. ಭಾರತದಿಂದ ಈವರೆಗೆ 2,90,000ಕ್ಕೂ ಹೆಚ್ಚು ಮಂದಿ ಹೋಗಿದ್ದಾರೆ. ಸುಮಾರು 180 ಮಂದಿ ಅಲ್ಲೇ ಪ್ರಾಣ ಬಿಟ್ಟಿದ್ದಾರೆ. ಬೇರೆ ಯಾವ ದೇಶವೂ ಇಷ್ಟು ಜನರನ್ನು ಕಳೆದುಕೊಂಡಿಲ್ಲ.

ಕದನ ವಿರಾಮ ಮುರಿದ ಕೂಡಲೇ ಅವರ ಕೈ ಕಟ್ಟಿದಂತಾಗುವುದು ಯಾಕೆ?

ಅವರು ಅಲ್ಲಿ ನಿಂತಿರುವುದೇ ಒಪ್ಪಿಗೆಯ ಮೇಲೆ. ಹೊಡೆದಾಡುತ್ತಿದ್ದವರು 'ಆಯ್ತು, ನೀವು ಬನ್ನಿ, ನಡುವೆ ನಿಲ್ಲಿ' ಅಂದಮೇಲೆ ಬಂದವರು. ಯಾರ ಪಕ್ಷವನ್ನೂ ವಹಿಸಬಾರದು, ಆತ್ಮರಕ್ಷಣೆಗೆ ಮತ್ತು ಒಪ್ಪಿಸಿದ ಕೆಲಸದ ರಕ್ಷಣೆಗೆ ಬಿಟ್ಟು ಬಲ ಬಳಸಬಾರದು ಅನ್ನುವುದು ಮಿಕ್ಕ ಎರಡು ಕಟ್ಟಳೆ. ಇಬ್ಬರಲ್ಲಿ ಒಬ್ಬ ಒಪ್ಪಂದ ಮುರಿದ ಕ್ಷಣ ಮೂರೂ ಅಲುಗಾಡುತ್ತವೆ. ನಿನ್ನೆ ಟೀ ಕುಡಿಸಿದ ಕಮಾಂಡರ್ ಇವತ್ತು ರಸ್ತೆಗೆ ಅಡ್ಡ ಮರ ಉರುಳಿಸಿರುತ್ತಾನೆ. ಕ್ಯಾಂಪಿಗೆ ಅಕ್ಕಿ, ಡೀಸೆಲ್ ಬರುವುದೂ ಅದೇ ರಸ್ತೆಯಲ್ಲಿ.

ಒಪ್ಪಂದಕ್ಕೆ ಜಾಮೀನು ಯಾರು ಅನ್ನುವ ಪ್ರಶ್ನೆ ನಮ್ಮ ಊರಿಗೆ ಹೊಸದಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಒಪ್ಪಿಕೊಂಡದ್ದಲ್ಲದೆ ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಇಡಬೇಕಾಯಿತು. ಏಳು ವರ್ಷಕ್ಕೆ ಮತ್ತೆ ಯುದ್ಧ ಬಂತು, ಕೋಟೆ ಬಿತ್ತು. ಈಗಿನ ಕಾಲದಲ್ಲಿ ಮಕ್ಕಳನ್ನು ಒತ್ತೆ ಇಡುವುದಿಲ್ಲ. ಆ ಜಾಗದಲ್ಲಿ ಬೇರೆ ದೇಶದ ಸೈನಿಕರನ್ನು ನಿಲ್ಲಿಸುತ್ತೇವೆ. ಕೆಲವೊಮ್ಮೆ ಅವರೇ ಒತ್ತೆಯಾಳುಗಳಾಗುತ್ತಾರೆ. 2000ದ ಮೇ ತಿಂಗಳಲ್ಲಿ ಸಿಯೆರಾ ಲಿಯೋನ್‌ನಲ್ಲಿ ಬಂಡುಕೋರರು ಹಿಂದಿನ ವರ್ಷವಷ್ಟೇ ಸಹಿ ಮಾಡಿದ್ದ ಲೋಮೆ ಒಪ್ಪಂದವನ್ನು ಮುರಿದು ಸುಮಾರು 500 ಶಾಂತಿಪಾಲಕರನ್ನು ಸೆರೆಹಿಡಿದರು. ಕೈಲಾಹುನ್‌ನಲ್ಲಿ ಭಾರತದ 200ಕ್ಕೂ ಹೆಚ್ಚು ಸೈನಿಕರು 75 ದಿನ ಮುತ್ತಿಗೆಯಲ್ಲಿದ್ದರು. ಜುಲೈನಲ್ಲಿ 'ಆಪರೇಷನ್ ಖುಕ್ರಿ' ಮಾಡಿ ಕಾದಾಡಿಯೇ ಹೊರಬರಬೇಕಾಯಿತು.

'ಅಲ್ಲ ಮೇಷ್ಟ್ರೇ, ಬಂದೂಕ ಕೊಟ್ಟು ಕಳ್ಸಿ, ಹೊಡೀಬ್ಯಾಡ ಅಂದ್ರೆ ನನ್ ಮೊಮ್ಮಗ ಏನ್ ಮಾಡ್ಬೇಕು?'

ಇದನ್ನು ಕೇಳಿದ್ದು ಪಾಂಡವಪುರದ ಹತ್ತಿರದ ಹಳ್ಳಿಯ ಒಬ್ಬ ಅಜ್ಜಿ. ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ, ತಲೆ ಎತ್ತದೆ ಕೇಳಿದರು. ಇಷ್ಟು ನೇರವಾಗಿ ಕಾಲೇಜಿನಲ್ಲಿ ಯಾರೂ ಕೇಳಿಲ್ಲ.

'ಹೊಡೆಯಬೇಡ' ಅನ್ನುವುದು ಹಳೆಯ ಮಾತಾಯಿತು ಅಜ್ಜಿ, ಅಂದೆ. 1999ರ ಅಕ್ಟೋಬರ್‌ನಲ್ಲಿ ಭದ್ರತಾ ಮಂಡಳಿ ಸಿಯೆರಾ ಲಿಯೋನ್‌ಗಾಗಿ ಮಾಡಿದ 1270ನೇ ನಿರ್ಣಯದಲ್ಲಿ ಮೊದಲ ಸಲ, ಕಣ್ಣೆದುರು ಅಪಾಯದಲ್ಲಿರುವ ನಾಗರಿಕರನ್ನು ಕಾಪಾಡಲು ಬಲ ಬಳಸಬಹುದು ಎಂದು ಬರೆಯಿತು. ಆಮೇಲಿನ ದೊಡ್ಡ ಕಾರ್ಯಾಚರಣೆಗಳಲ್ಲಿ ಹೆಚ್ಚಿನವಕ್ಕೆ ಈ ಅಧಿಕಾರ ಇದೆ. ಆದರೆ ಅದೇ ವಾಕ್ಯಕ್ಕೆ ಒಂದು ಬಾಲವೂ ಇದೆ: ಪಡೆಯ ಸಾಮರ್ಥ್ಯ ಇದ್ದಷ್ಟು, ಪಡೆ ಇರುವ ಜಾಗದಲ್ಲಿ, ಆ ದೇಶದ ಸರ್ಕಾರದ ಹೊಣೆಯನ್ನೂ ಗಮನದಲ್ಲಿಟ್ಟುಕೊಂಡು. ಮನಸ್ಸಿರುವ ಅಧಿಕಾರಿಗೆ ಮೊದಲ ಭಾಗ ಸಾಕು. ಹಿಂಜರಿಯುವವನಿಗೆ ಬಾಲ ಸಾಕು.

ವಿಶ್ವಸಂಸ್ಥೆಯ ಒಳಗಿನ ಪರಿಶೀಲನಾ ಕಚೇರಿಯೇ 2014ರಲ್ಲಿ ಲೆಕ್ಕ ತೆಗೆಯಿತು. 2010ರಿಂದ 2013ರವರೆಗೆ ನಾಗರಿಕರ ಮೇಲೆ ನಡೆದ 507 ಘಟನೆಗಳಲ್ಲಿ ಪಡೆಗಳು ತಕ್ಷಣ ಸ್ಪಂದಿಸಿದ್ದು 101ಕ್ಕೆ ಮಾತ್ರ, ಅಂದರೆ ಐದರಲ್ಲಿ ಒಂದಕ್ಕೆ. ಅಧಿಕಾರ ಸಿಕ್ಕಿ ಹತ್ತು ವರ್ಷ ದಾಟಿದ ಮೇಲಿನ ಲೆಕ್ಕ ಇದು. ಅಜ್ಜಿಗೆ ಈ ಅಂಕಿ ಹೇಳಲಿಲ್ಲ. 'ಹೊಡೀಬಹುದು, ಆದ್ರೆ ಹೊಡಿ ಅಂತ ಹೇಳೋರು ಬೇಕು' ಅಂದೆ. 'ಅಂಗನ್ನು ಮತ್ತೆ' ಅಂದರು.

ಹೇಳುವವರು ಯಾರು? ಆದೇಶ ಕೊಡುವುದು ವಿಶ್ವಸಂಸ್ಥೆಯೋ, ಅವರವರ ದೇಶವೋ?

ಕಾಗದದ ಮೇಲೆ ವಿಶ್ವಸಂಸ್ಥೆಯ ಫೋರ್ಸ್ ಕಮಾಂಡರ್, ಅಂದರೆ ಆ ಇಡೀ ಪಡೆಯ ಮುಖ್ಯಸ್ಥ. ಗುಂಡಿನ ಸದ್ದು ಕೇಳಿದಾಗ ಬೆಟಾಲಿಯನ್ ಅಧಿಕಾರಿ ಮೊದಲು ಫೋನ್ ಮಾಡುವುದು ತನ್ನ ದೇಶದ ರಾಜಧಾನಿಗೆ. 'ನಮ್ಮವರನ್ನು ಆ ಜಿಲ್ಲೆಗೆ ಕಳಿಸುವಂತಿಲ್ಲ', 'ರಾತ್ರಿ ಗಸ್ತು ಬೇಡ' ಎಂಬ ಷರತ್ತುಗಳು ಇರುತ್ತವೆ. ಕೆಲವು ಬರವಣಿಗೆಯಲ್ಲಿ, ಕೆಲವು ಬರೀ ಬಾಯಿಮಾತಿನಲ್ಲಿ.

ಇದರ ಬೆಲೆ ಎಷ್ಟು ಎಂದು ತಿಳಿಯಬೇಕಾದರೆ ರುವಾಂಡಾದ ಒಂದು ಶಾಲೆಯ ಕಥೆ ಕೇಳಬೇಕು. 1994ರ ಏಪ್ರಿಲ್ 6ರಂದು ಅಧ್ಯಕ್ಷರ ವಿಮಾನವನ್ನು ಹೊಡೆದುರುಳಿಸಿದರು. ಸರ್ಕಾರ ಮತ್ತು ಬಂಡುಕೋರರ ನಡುವಿನ ಹಿಂದಿನ ವರ್ಷದ ಅರುಷಾ ಒಪ್ಪಂದ ಆ ರಾತ್ರಿಯೇ ಸತ್ತಿತು, ಟುಟ್ಸಿ ಸಮುದಾಯದವರ ನರಮೇಧ ಶುರುವಾಯಿತು. ಮಾರನೆಯ ದಿನ ಬೆಲ್ಜಿಯಂನ 10 ಶಾಂತಿಪಾಲಕರನ್ನು ಕೊಂದರು. ರಾಜಧಾನಿ ಕಿಗಾಲಿಯ ಒಂದು ತಾಂತ್ರಿಕ ಶಾಲೆಯಲ್ಲಿ ಬೆಲ್ಜಿಯಂನ ಇನ್ನೊಂದು ತುಕಡಿ ಇತ್ತು. ನೀಲಿ ಬಾವುಟ ಕಂಡು ಸುತ್ತಲ ಬಡಾವಣೆಗಳಿಂದ 2,000ಕ್ಕೂ ಹೆಚ್ಚು ಜನ ಅಲ್ಲಿ ಸೇರಿದರು. ಕೊಲೆಗಡುಕರು ಬೇಲಿಯ ಆಚೆ ಮಚ್ಚು ಹಿಡಿದು ಕಾಯುತ್ತಿದ್ದರು. ಬಂದೂಕುಗಳು ಇದ್ದದ್ದರಿಂದ ಒಳಗೆ ಬರಲಿಲ್ಲ, ಅಷ್ಟೇ. ಏಪ್ರಿಲ್ 11ರಂದು ತುಕಡಿಗೆ ಹೊರಡುವಂತೆ ಆಜ್ಞೆ ಬಂತು. ಜನ ಲಾರಿಗಳಿಗೆ ಅಡ್ಡ ನಿಂತರು, ಬೇಡಿಕೊಂಡರು. ಲಾರಿಗಳು ಹೋದವು. ಅದೇ ದಿನ ಆ ಜನರನ್ನು ನ್ಯಾಂಜಾ ಎಂಬ ಗುಡ್ಡದ ಕಡೆ ನಡೆಸಿಕೊಂಡು ಹೋಗಿ ಹೆಚ್ಚಿನವರನ್ನು ಕೊಂದರು.

ಫೋರ್ಸ್ ಕಮಾಂಡರ್ ಆಗಿದ್ದ ಕೆನಡಾದ ರೋಮಿಯೋ ಡಲೇರ್ ಹೆಚ್ಚು ಸೈನಿಕರನ್ನು ಕೊಡಿ ಎಂದು ಕೇಳುತ್ತಿದ್ದರು. ಭದ್ರತಾ ಮಂಡಳಿ ಏಪ್ರಿಲ್ 21ರಂದು, ಸುಮಾರು 2,500 ಇದ್ದ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಸುಮಾರು 100 ದಿನಗಳಲ್ಲಿ 8 ಲಕ್ಷ ಜನ ಸತ್ತರು. ಇದನ್ನು ಪಾಠ ಮಾಡುವಾಗ ಪ್ರತಿ ಸಲ ನನ್ನ ದನಿ ತಡೆಯುತ್ತದೆ. ಆ ಶಾಲೆಯಲ್ಲಿ ಐದು ದಿನ ರಕ್ಷಣೆ ಸಿಕ್ಕಿತ್ತು ಅನ್ನುವುದನ್ನು ಮರೆಯಲಾಗುವುದಿಲ್ಲ. ಬೇಲಿ, ಬಂದೂಕು, ಜನ ಎಲ್ಲ ಇದ್ದವು. ಇಲ್ಲದೇ ಹೋದದ್ದು 'ಇರಿ' ಎಂಬ ಒಂದು ಆಜ್ಞೆ.

ವಿಶ್ವಸಂಸ್ಥೆ 'ಸುರಕ್ಷಿತ ವಲಯ' ಎಂದು ಘೋಷಿಸಿದರೆ ಸಾಲದೇ?

ಸಾಲದು. ಬೋಸ್ನಿಯಾದ ಸ್ರೆಬ್ರೆನಿಟ್ಸಾವನ್ನು 1993ರ ಏಪ್ರಿಲ್‌ನಲ್ಲಿ ಹಾಗೆ ಘೋಷಿಸಿದ್ದರು. ಅಂಥ ವಲಯಗಳನ್ನು ಕಾಯಲು 34,000 ಸೈನಿಕರು ಬೇಕು ಎಂಬ ಅಂದಾಜು ಮಂಡಳಿಯ ಮುಂದೆ ಬಂತು. ಮಂಡಳಿ ಒಪ್ಪಿದ್ದು 7,600ಕ್ಕೆ. ಸ್ರೆಬ್ರೆನಿಟ್ಸಾದ ಪಾಲಿಗೆ ಬಂದದ್ದು ನೆದರ್ಲೆಂಡ್ಸ್‌ನ ಕೆಲವು ನೂರು ಮಂದಿ, ಲಘು ಆಯುಧದವರು. ಸುತ್ತ ಇದ್ದ ಸರ್ಬ್ ಪಡೆ ಡೀಸೆಲ್ ಬಿಡುತ್ತಿರಲಿಲ್ಲ, ಗಸ್ತನ್ನೂ ನಡೆದೇ ಮಾಡಬೇಕಿತ್ತು. 1995ರ ಜುಲೈನಲ್ಲಿ ದಾಳಿಯಾದಾಗ ಸಾವಿರಾರು ಜನ ಅವರ ಕ್ಯಾಂಪಿನೊಳಗೆ ನುಗ್ಗಿದರು, ಅದರ ಹಲವು ಪಟ್ಟು ಜನ ಹೊರಗೇ ಉಳಿದರು. ಕೊನೆಗೆ ಒಳಗಿದ್ದವರನ್ನೂ ಹೊರಗೆ ಕಳಿಸಿದರು. ಸುಮಾರು 8,000 ಗಂಡಸರು, ಹುಡುಗರು ಕೊಲೆಯಾದರು. ಹಾಗೆ ಹೊರಗೆ ಕಳಿಸಿದವರಲ್ಲಿ 350 ಗಂಡಸರ ಸಾವಿಗೆ ನೆದರ್ಲೆಂಡ್ಸ್ ಸರ್ಕಾರ ಶೇ 10ರಷ್ಟು ಹೊಣೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು.

ಘೋಷಣೆಯಿಂದ ಆಗುವ ಒಂದು ಕೇಡನ್ನು ನಾವು ಗಮನಿಸುವುದೇ ಇಲ್ಲ. ಸುರಕ್ಷಿತ ಎಂದು ಹೇಳಿದ ಕಡೆಗೇ ಜನ ಓಡಿ ಬರುತ್ತಾರೆ. ಹೇಳದೆ ಇದ್ದಿದ್ದರೆ ಕೆಲವರಾದರೂ ಕಾಡಿನ ದಾರಿ ಹಿಡಿಯುತ್ತಿದ್ದರೇನೋ.

ಹಾಗಾದರೆ ಎಲ್ಲಾದರೂ ಕಾಪಾಡಿದ್ದಾರೆಯೇ?

ಕಾಪಾಡಿದ್ದಾರೆ. ಅದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. 2013ರ ಡಿಸೆಂಬರ್ 15ರಂದು ದಕ್ಷಿಣ ಸುಡಾನ್‌ನ ಜುಬಾದಲ್ಲಿ ಸೇನೆಯೊಳಗೇ ಗುಂಡಿನ ಕಾಳಗ ಶುರುವಾಯಿತು. ಜನ ವಿಶ್ವಸಂಸ್ಥೆಯ ಕ್ಯಾಂಪುಗಳ ಕಡೆ ಓಡಿದರು, ಅಲ್ಲಿದ್ದವರು ಗೇಟು ತೆಗೆದರು. ಅಷ್ಟು ಜನಕ್ಕೆ ನೀರಾಗಲಿ ಶೌಚಾಲಯವಾಗಲಿ ಇರಲಿಲ್ಲ. ಮುಂದೆ ಇಂಥ ಕ್ಯಾಂಪುಗಳಲ್ಲಿ ಆಶ್ರಯ ಪಡೆದವರ ಸಂಖ್ಯೆ 2 ಲಕ್ಷ ದಾಟಿತು. ಅಂದು ಗೇಟು ತೆಗೆಯದೆ ಹೋಗಿದ್ದರೆ ಏನಾಗುತ್ತಿತ್ತು ಅನ್ನುವುದಕ್ಕೆ ಕಿಗಾಲಿಯ ಶಾಲೆ ಇದೆ.

ಆದರೆ ಗೇಟು ತೆಗೆದವರ ಮೇಲೂ ದಾಳಿಯಾಗುತ್ತದೆ. ನಾಲ್ಕೇ ದಿನ ಕಳೆದು, ಡಿಸೆಂಬರ್ 19ರಂದು, ಅಕೋಬೋ ಎಂಬಲ್ಲಿ 40 ಚಿಲ್ಲರೆ ಭಾರತೀಯ ಸೈನಿಕರಿದ್ದ ಪುಟ್ಟ ಕ್ಯಾಂಪಿಗೆ ಡಿಂಕಾ ಸಮುದಾಯದ ಕೆಲವರು ಜೀವ ಉಳಿಸಿಕೊಳ್ಳಲು ಬಂದು ಸೇರಿದ್ದರು. ಸುಮಾರು 2,000 ಮಂದಿ ಶಸ್ತ್ರಸಜ್ಜಿತ ಯುವಕರು ಸುತ್ತುವರಿದು ನುಗ್ಗಿದರು. ನಮ್ಮ ಇಬ್ಬರು ಸೈನಿಕರು ಸತ್ತರು, ಆಶ್ರಯ ಪಡೆದಿದ್ದ ಹಲವರೂ ಸತ್ತರು.

ಇನ್ನಷ್ಟು ಸೈನಿಕರನ್ನು ಕಳಿಸಿದರೆ ಆಗದೇ?

ಸ್ವಲ್ಪ ಆಗುತ್ತದೆ. ದಕ್ಷಿಣ ಸುಡಾನ್ ಕರ್ನಾಟಕದ ಮೂರು ಪಟ್ಟಿಗೂ ದೊಡ್ಡದು. ಅಷ್ಟಕ್ಕೂ ಮಂಜೂರಾದ ಸೈನಿಕರು ಅತಿ ಹೆಚ್ಚೆಂದರೆ 17,000. ಅದರಲ್ಲಿ ಅಡುಗೆಯವರು, ಎಂಜಿನಿಯರ್‌ಗಳು, ಆಸ್ಪತ್ರೆಯವರು, ಕ್ಯಾಂಪ್ ಕಾಯುವವರನ್ನು ಕಳೆಯಿರಿ. ನೆಲ ಎರೆಮಣ್ಣಿನದು, ಮಳೆಗಾಲದಲ್ಲಿ ಗಾಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ. ಮಂಡ್ಯದಿಂದ ಮಳವಳ್ಳಿಯಷ್ಟು ದೂರ ಹೋಗಲು ಇಡೀ ದಿನ ಬೇಕಾಗಬಹುದು. ದಾಳಿ ಮಾಡುವವರು ನಡೆದು ಬರುತ್ತಾರೆ, ಮುಗಿಸಿ ನಡೆದೇ ಹೋಗುತ್ತಾರೆ. ಹೆಲಿಕಾಪ್ಟರ್ ಇದ್ದರೂ ಹಾರಲು ಆ ದೇಶದ ಸರ್ಕಾರದ ಅನುಮತಿ ಬೇಕು.

ಈಗಂತೂ ಸಂಖ್ಯೆ ಏರುವುದಿಲ್ಲ, ಇಳಿಯುತ್ತಿದೆ. ದೇಶಗಳು ಕೊಡಬೇಕಾದ ಬಾಕಿ ಕೊಡದೆ, 2025ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ ತನ್ನ ಶಾಂತಿಪಾಲಕರಲ್ಲಿ ಸುಮಾರು ಕಾಲು ಭಾಗವನ್ನು ಕಡಿತ ಮಾಡುವುದಾಗಿ ಹೇಳಿತು.

ದಾಳಿ ಬರುತ್ತದೆ ಎಂದು ಮೊದಲೇ ತಿಳಿಯುವುದು ಹೇಗೆ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ, ವಿದ್ಯಾರ್ಥಿಗಳು ಅಪರೂಪಕ್ಕೆ ಕೇಳುತ್ತಾರೆ. ಕದನ ವಿರಾಮ ಮುರಿದ ದಿನ ಮಾಡಲು ಉಳಿಯುವ ಕೆಲಸ ಕಡಿಮೆ. ಅದಕ್ಕೆ ಮುಂಚಿನ ಆರು ತಿಂಗಳಲ್ಲಿ ಏನು ಮಾಡಿಟ್ಟುಕೊಂಡಿದ್ದರು ಅನ್ನುವುದರ ಮೇಲೆ ಜನ ಉಳಿಯುವುದು, ಸಾಯುವುದು ನಿರ್ಧಾರವಾಗುತ್ತದೆ.

ಊರಿನವರಿಗೆ ಎಲ್ಲ ಮೊದಲೇ ಗೊತ್ತಿರುತ್ತದೆ. ನಮ್ಮಲ್ಲಿ ನಾಲೆಗೆ ನೀರು ಬಿಡುವ ಗಲಾಟೆ ಶುರುವಾಗುವ ಮುಂಚೆ ಹಳ್ಳಿಯ ಟೀ ಅಂಗಡಿಯಲ್ಲಿ ಸುಳಿವು ಸಿಗುವುದಿಲ್ಲವೇ, ಹಾಗೆ. ಸಂತೆಗೆ ಆ ಕಡೆಯ ಜನ ಬಂದಿಲ್ಲ, ದನಗಳನ್ನು ಬೇರೆ ಕಡೆ ಹೊಡೆದುಕೊಂಡು ಹೋಗುತ್ತಿದ್ದಾರೆ, ಯಾರೋ ಹೆಂಡತಿ ಮಕ್ಕಳನ್ನು ತವರಿಗೆ ಕಳಿಸಿಬಿಟ್ಟಿದ್ದಾರೆ. ಇವೆಲ್ಲ ಸುದ್ದಿಯೇ. ಆದರೆ ಕ್ಯಾಂಪಿನಲ್ಲಿರುವ ಸೈನಿಕನಿಗೆ ಆ ಭಾಷೆ ಬಾರದು, ಒಂದು ವರ್ಷದೊಳಗೆ ಅವನ ಬೆಟಾಲಿಯನ್ ಬದಲಾಗುತ್ತದೆ, ಹೊಸಬರು ಮತ್ತೆ ಮೊದಲಿಂದ ಶುರುಮಾಡಬೇಕು.

ಕಾಂಗೋದಲ್ಲಿ ಇದಕ್ಕೆ ಒಂದು ಒಳ್ಳೆಯ ದಾರಿ ಕಂಡುಕೊಂಡರು. ಆ ದೇಶದವರನ್ನೇ ಸಂಪರ್ಕ ಸಹಾಯಕರಾಗಿ ನೇಮಿಸಿ ಸೈನಿಕರ ಜೊತೆಯೇ ಇರಿಸಿದರು. ಹಳ್ಳಿಗಳಿಗೆ ಮೊಬೈಲ್ ಫೋನ್ ಕೊಟ್ಟು, ಅಪಾಯ ಕಂಡರೆ ಕರೆ ಮಾಡಿ ಎಂದರು. ಇದರಲ್ಲಿ ಹೆಂಗಸರ ಮಾತಿಗೆ ಬಹಳ ಬೆಲೆ ಇದೆ. ಸೌದೆಗೆ, ನೀರಿಗೆ ಊರಾಚೆ ದಿನಾ ನಡೆಯುವವರು ಅವರು. ಕಾಲುದಾರಿಯಲ್ಲಿ ಹೊಸ ಬೂಟಿನ ಗುರುತನ್ನು ಮೊದಲು ಕಾಣುವುದು ಅವರೇ. ಗಸ್ತಿನಲ್ಲಿ ಮಹಿಳಾ ಸಿಬ್ಬಂದಿ ಇದ್ದರೆ ಅವರ ಬಳಿ ಹೇಳುತ್ತಾರೆ, ಬರೀ ಗಂಡಸರಿದ್ದರೆ ತಲೆ ತಗ್ಗಿಸಿ ಹೋಗುತ್ತಾರೆ. ಭಾರತ 2007ರಲ್ಲಿ ಲೈಬೀರಿಯಾಕ್ಕೆ ಪೂರ್ತಿ ಮಹಿಳೆಯರದ್ದೇ ಪೊಲೀಸ್ ತುಕಡಿ ಕಳಿಸಿದ್ದನ್ನು ಈ ಕಾರಣಕ್ಕೇ ನಾನು ದೊಡ್ಡ ಕೆಲಸ ಎನ್ನುತ್ತೇನೆ.

ಇಲ್ಲೂ ಒಂದು ಅಪಾಯವಿದೆ. ಕದನ ವಿರಾಮ ಇದ್ದಾಗ ನೀಲಿ ಹೆಲ್ಮೆಟ್‌ನವರ ಜೊತೆ ಮಾತಾಡಿದ ಹೆಂಗಸನ್ನು, ಮುರಿದ ಮೇಲೆ ಬಂಡುಕೋರರು ಹುಡುಕಿಕೊಂಡು ಬರುತ್ತಾರೆ. ಫೋನ್ ಕೊಟ್ಟವರು ಅವಳನ್ನು ಕಾಪಾಡುವ ದಾರಿಯನ್ನೂ ಯೋಚಿಸಿರಬೇಕು.

ಗುಂಡು ಹಾರಿಸುವುದು ಆ ದೇಶದ ಸರ್ಕಾರದ ಸೇನೆಯೇ ಆದರೆ?

ಎಲ್ಲಕ್ಕಿಂತ ಬಿಕ್ಕಟ್ಟಿನ ಸ್ಥಿತಿ ಅದು. ಕಾನೂನು ಪ್ರಕಾರ ನಾಗರಿಕರ ರಕ್ಷಣೆಯ ಮೊದಲ ಹೊಣೆ ಸರ್ಕಾರದ್ದು, ಶಾಂತಿಪಾಲಕರು ಅದರ ಅತಿಥಿಗಳು. ದಕ್ಷಿಣ ಸುಡಾನ್‌ನ ಸರ್ಕಾರ ಮತ್ತು ಬಂಡುಕೋರರ ನಡುವಿನ 2015ರ ಒಪ್ಪಂದ ಮುರಿದು 2016ರ ಜುಲೈನಲ್ಲಿ ಜುಬಾದಲ್ಲಿ ಮತ್ತೆ ಕಾಳಗ ನಡೆದಾಗ ಚೀನಾದ ಇಬ್ಬರು ಶಾಂತಿಪಾಲಕರು ಸತ್ತರು. ಕ್ಯಾಂಪಿನಿಂದ ಹೆಚ್ಚು ದೂರವಿಲ್ಲದ ವಸತಿಯೊಂದಕ್ಕೆ ಸರ್ಕಾರಿ ಸೈನಿಕರು ನುಗ್ಗಿ ಪರಿಹಾರ ಕಾರ್ಯಕರ್ತೆಯರ ಮೇಲೆ ಅತ್ಯಾಚಾರ ಮಾಡಿದರು. ಕರೆ ಮೇಲೆ ಕರೆ ಹೋದರೂ ಯಾರೂ ಬರಲಿಲ್ಲ. ತನಿಖೆಯಾಯಿತು, ಕೆನ್ಯಾದ ಫೋರ್ಸ್ ಕಮಾಂಡರ್ ಅವರನ್ನು ತೆಗೆದರು, ಕೆನ್ಯಾ ಸಿಟ್ಟಾಗಿ ತನ್ನ ಸೈನಿಕರನ್ನು ವಾಪಸ್ ಕರೆಸಿಕೊಂಡಿತು. ಹೊಣೆ ಹೊರಿಸಿದರೆ ಪಡೆ ಕಡಿಮೆಯಾಗುತ್ತದೆ, ಹೊರಿಸದಿದ್ದರೆ ಅದೇ ತಪ್ಪು ಮತ್ತೆ ನಡೆಯುತ್ತದೆ. ಹೊರಿಸಲೇಬೇಕು ಎಂದು ನನ್ನ ಅಭಿಪ್ರಾಯ.

ಸರ್ಕಾರಕ್ಕೆ ಬೇಡವಾದರೆ ಪಡೆ ಇರುವಂತೆಯೇ ಇಲ್ಲ. ಮಾಲಿ ದೇಶ 2023ರ ಜೂನ್‌ನಲ್ಲಿ ಹೊರಡಿ ಎಂದಿತು, ವರ್ಷದ ಕೊನೆಗೆ ಹೊರಟರು.

ಸೋತ ಸೈನಿಕರೇ ಆಶ್ರಯ ಕೇಳಿ ಬಂದರೆ?

ಕಾಂಗೋದ ಗೋಮಾದಲ್ಲಿ ಹೀಗೇ ಆಯಿತು. 2024ರ ಆಗಸ್ಟ್ 4ರಿಂದ ಜಾರಿಗೆ ಬಂದ ಕದನ ವಿರಾಮ ಉಳಿಯಲಿಲ್ಲ, 2025ರ ಜನವರಿ ಕೊನೆಯಲ್ಲಿ ಎಂ23 ಬಂಡುಕೋರರು ನಗರ ಹಿಡಿದರು. ನಿಶ್ಶಸ್ತ್ರರಾದ ಕಾಂಗೋ ಸೈನಿಕರು, ಪೊಲೀಸರು ವಿಶ್ವಸಂಸ್ಥೆಯ ಕ್ಯಾಂಪಿಗೆ ಬಂದರು. ಆಯುಧ ಕೆಳಗಿಟ್ಟವನನ್ನು ಕೊಲ್ಲಲು ಬಿಡಬಾರದು, ಅದು ಸರಿ. ಆದರೆ ಅವರು ಒಳಗಿದ್ದಷ್ಟು ದಿನ, ಪಕ್ಕದಲ್ಲಿ ಮಲಗಿದ ತಾಯಿ ಮಕ್ಕಳಿಗೂ ಅಪಾಯವೇ. ಕೊನೆಗೆ ರೆಡ್‌ಕ್ರಾಸ್ ಮುಂದೆ ನಿಂತು ಅವರನ್ನು ಕಿನ್ಶಾಸಾಗೆ ಕರೆದೊಯ್ಯಲು ತಿಂಗಳುಗಳೇ ಹಿಡಿದವು.

1987ರಲ್ಲಿ ಶ್ರೀಲಂಕಾಕ್ಕೆ ಹೋದ ಭಾರತದ ಪಡೆಯೂ ಇದೇ ತರಹದ್ದೇ?

ಅಲ್ಲ. ಹೆಸರಿನಲ್ಲಿ 'ಶಾಂತಿಪಾಲನೆ' ಇತ್ತು. ಅದು ಎರಡು ಸರ್ಕಾರಗಳ ನಡುವಿನ ಒಪ್ಪಂದದ ಮೇಲೆ ಹೋದದ್ದು, ವಿಶ್ವಸಂಸ್ಥೆಯದಲ್ಲ.

ನಮ್ಮ ಕಡೆಯವರು ಯಾರಾದರೂ ಇಂಥ ಪಡೆ ನಡೆಸಿದ್ದಾರೆಯೇ?

ನಮ್ಮ ನೆರೆಯ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. ಕೊರಿಯಾ ಯುದ್ಧ ನಿಂತ ಮೇಲೆ 1953ರಲ್ಲಿ ಯುದ್ಧ ಕೈದಿಗಳ ಹಸ್ತಾಂತರದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದರು. ಊರಿಗೆ ಮರಳಲೊಲ್ಲದ ಕೈದಿಗಳನ್ನು ಬಲವಂತ ಮಾಡದೆ, ಎರಡು ಕಡೆಯ ಬೈಗುಳವನ್ನೂ ತಿಂದು ನಡೆಸಿದ ಕೆಲಸ ಅದು. 1964ರಲ್ಲಿ ಸೈಪ್ರಸ್‌ನ ಪಡೆಯ ಮುಖ್ಯಸ್ಥರಾದರು, 1965ರ ಡಿಸೆಂಬರ್‌ನಲ್ಲಿ ಕೆಲಸದಲ್ಲಿದ್ದಾಗಲೇ ಅಲ್ಲೇ ತೀರಿಕೊಂಡರು. 1974ರಲ್ಲಿ ಸೈಪ್ರಸ್ ಮೇಲೆ ಟರ್ಕಿ ದಾಳಿ ಮಾಡಿದಾಗ ಅದೇ ಹುದ್ದೆಯಲ್ಲಿದ್ದವರು ಇನ್ನೊಬ್ಬ ಭಾರತೀಯ, ಜನರಲ್ ಪ್ರೇಮ್ ಚಂದ್. ನಿಕೋಸಿಯಾ ವಿಮಾನ ನಿಲ್ದಾಣವನ್ನು ವಿಶ್ವಸಂಸ್ಥೆಯ ರಕ್ಷಣೆಯ ಜಾಗ ಎಂದು ಸಾರಿ, ಇದ್ದಷ್ಟು ಸೈನಿಕರನ್ನು ಅಲ್ಲಿ ನಿಲ್ಲಿಸಿದರು. ಟರ್ಕಿಯ ಪಡೆ ಒಳಗೆ ಬರಲಿಲ್ಲ, ಆ ಜಾಗ ಇವತ್ತಿಗೂ ವಿಶ್ವಸಂಸ್ಥೆಯ ಕೈಯಲ್ಲಿದೆ. ಸಾರಿದ ಮಾತಿನ ಹಿಂದೆ ನಿಲ್ಲುವ ಜನ ಇದ್ದರೆ ಘೋಷಣೆಗೂ ಬಲ ಬರುತ್ತದೆ.

ಶಾಂತಿಪಾಲಕರೇ ತಪ್ಪು ಮಾಡಿದರೆ?

ಮಾಡಿದ್ದಾರೆ. ಆಶ್ರಯ ಕೇಳಿ ಬಂದ ಹೆಂಗಸರನ್ನು, ಮಕ್ಕಳನ್ನು ಲೈಂಗಿಕವಾಗಿ ಶೋಷಿಸಿದ ಪ್ರಕರಣಗಳು ಹಲವು ದೇಶಗಳಲ್ಲಿ ಬೆಳಕಿಗೆ ಬಂದಿವೆ. ವಿಶ್ವಸಂಸ್ಥೆ ಅಂಥವರನ್ನು ಮನೆಗೆ ಕಳಿಸಬಹುದು. ಶಿಕ್ಷೆ ಕೊಡುವ ಅಧಿಕಾರ ಇರುವುದು ಅವರವರ ದೇಶಕ್ಕೆ ಮಾತ್ರ, ಕೊಡುವುದು ಅಪರೂಪ. ಇದು ನನಗೆ ನಾಚಿಕೆ ತರುವ ವಿಷಯ.

ಇಷ್ಟೆಲ್ಲ ವೈಫಲ್ಯ ಇದ್ದಮೇಲೆ ಪಡೆಯೇ ಬೇಡ ಅನ್ನಬಾರದೇ?

ಸುಡಾನ್‌ನ ಡಾರ್ಫುರ್ ನೋಡಿ. ಅಲ್ಲಿದ್ದ ಪಡೆಯ ಕೆಲಸವನ್ನು 2020ರ ಡಿಸೆಂಬರ್ 31ಕ್ಕೆ ಮುಗಿಸಿದರು. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಯಿತು, ಕದನ ವಿರಾಮಗಳು ಬಂದವು, ಮುರಿದವು. ಎಲ್ ಫಾಶರ್ ನಗರ 500 ದಿನಕ್ಕೂ ಹೆಚ್ಚು ಮುತ್ತಿಗೆಯಲ್ಲಿತ್ತು, 2025ರ ಅಕ್ಟೋಬರ್‌ನಲ್ಲಿ ಬಿತ್ತು, ಸಾಮೂಹಿಕ ಕೊಲೆಗಳಾದವು. ಓಡಿಹೋಗಿ ತಟ್ಟಲು ಅಲ್ಲಿ ಗೇಟೇ ಇರಲಿಲ್ಲ.

ನಮ್ಮ ಮನೆಯ ಹುಡುಗ ಹೋಗುತ್ತಿದ್ದಾನೆ. ಅವನಿಗೆ ಏನು ಹೇಳಲಿ?

ಬಲ ಯಾವಾಗ ಬಳಸಬಹುದು ಎಂದು ಬರೆದ ಚಿಕ್ಕ ಕಾರ್ಡೊಂದನ್ನು ಜೇಬಿನಲ್ಲಿಟ್ಟುಕೊಳ್ಳಲು ಕೊಡುತ್ತಾರೆ. ಅದನ್ನು ಹೋಗುವ ಮುಂಚೆಯೇ ಕನ್ನಡದಲ್ಲಿ ಅರ್ಥ ಮಾಡಿಕೊಂಡಿರಲಿ, ಅನುಮಾನ ಇದ್ದರೆ ತರಬೇತಿಯಲ್ಲೇ ಕೇಳಲಿ. ಅಲ್ಲಿಯ ಭಾಷೆಯ 50 ಮಾತು ಕಲಿಯಲಿ: ಬನ್ನಿ, ಕೂತುಕೊಳ್ಳಿ, ನೀರು, ಎಷ್ಟು ಜನ, ಯಾವ ಕಡೆಯಿಂದ. ದಿನಾ ವಿಡಿಯೊ ಕಾಲ್ ಬರಲಿಲ್ಲವೆಂದು ನೀವು ಗಾಬರಿಯಾಗಬೇಡಿ. ನೆಟ್‌ವರ್ಕ್ ಹೋಗುವುದು ಅಲ್ಲಿ ಮಾಮೂಲು.

ಗೇಟು ತೆಗೆದಾಗ ಒಳಗೆ ಬಂದವರು ಎಷ್ಟು ದಿನ ಇರುತ್ತಾರೆ?

ಬರುವಾಗ ಎಲ್ಲರೂ ನಾಲ್ಕು ದಿನಕ್ಕೆ ಅಂದುಕೊಂಡೇ ಬರುತ್ತಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಟಿಬೆಟಿಯನ್ನರು ಯುದ್ಧವಿರಾಮದ ಕಥೆಯವರಲ್ಲ, ಆದರೂ 1960ರ ದಶಕದ ಆರಂಭದಲ್ಲಿ ಕಾಡು ಕಡಿದು ಜೋಳ ಬಿತ್ತಿದ ಹಿರಿಯರು ಬೇಗ ವಾಪಸ್ ಹೋಗುವ ಆಸೆಯಲ್ಲೇ ಇದ್ದರು. ದಕ್ಷಿಣ ಸುಡಾನ್‌ನ ಕ್ಯಾಂಪುಗಳಲ್ಲಿ ಹೆಚ್ಚಿನವನ್ನು 2020ರ ನಂತರ ಸರ್ಕಾರದ ಸುಪರ್ದಿಗೆ ಬಿಟ್ಟರು, ಮಲಕಾಲ್‌ನದು ವಿಶ್ವಸಂಸ್ಥೆಯ ಕಾವಲಿನಲ್ಲೇ ಉಳಿಯಿತು. 2016ರ ಫೆಬ್ರವರಿಯಲ್ಲಿ ಅದರೊಳಗೇ ದಾಳಿ ನಡೆದು ಸುಮಾರು 30 ಜನ ಸತ್ತು, ಗುಡಾರಗಳ ಸಾಲುಗಳು ಸುಟ್ಟುಹೋಗಿದ್ದವು. ಜನ ಮತ್ತೆ ಅಲ್ಲೇ ಕಂಬ ನೆಟ್ಟು, ಟಾರ್ಪಾಲು ಕಟ್ಟಿಕೊಂಡರು. 2013ರ ಆ ಡಿಸೆಂಬರ್‌ನಲ್ಲಿ ಸೊಂಟದ ಮೇಲೆ ಕೂತು ಗೇಟು ದಾಟಿ ಬಂದ ಕೂಸುಗಳು ಹದಿಹರೆಯಕ್ಕೆ ಬಂದಿವೆ.